ಕಡಲಿಗೆ ಜ್ವರ ಬಂದರೆ ನಮ್ಮ ತೋಟಕ್ಕೇನು?



2021ರ ಮೇ 15, ಶನಿವಾರ. ಕುಮಟಾ ಹತ್ತಿರದ ನಮ್ಮ ಮನೆ ಹಿಂದೆ ತೆಂಗಿನ ಗರಿಯ ಚಪ್ಪರದಲ್ಲಿ ಹನ್ನೊಂದು ಕ್ವಿಂಟಾಲ್ ಸಿಹಿ ಈರುಳ್ಳಿಯನ್ನು ಗೊಂಚಲು ಕಟ್ಟಿ ತೂಗುಹಾಕಿದ್ದೆ. ಬೇರೆ ವರ್ಷವಾದರೆ ಅಷ್ಟೊತ್ತಿಗೆ ಅರ್ಧಕ್ಕರ್ಧ ಹೆದ್ದಾರಿ ಬದಿಯಲ್ಲೇ ಮಾರಾಟ ಆಗಿರುತ್ತಿತ್ತು. ಆ ವರ್ಷ ಲಾಕ್‌ಡೌನ್, ರಸ್ತೆಯಲ್ಲಿ ಕಾರೇ ಇಲ್ಲ. "ಇರಲಿ, ಮುಂಗಾರಿಗೆ ಇನ್ನೂ ಮೂರು ವಾರ ಇದೆ" ಅಂತ ಸುಮ್ಮನಿದ್ದೆ. ಮೊಬೈಲ್‌ಗೆ ಚಂಡಮಾರುತದ ಮುನ್ಸೂಚನೆ ಬಂದಿತ್ತು, ನೋಡಿಯೂ ಇದ್ದೆ. ಕಡಲಲ್ಲಿ ಎಲ್ಲೋ ಹಾದುಹೋಗುತ್ತೆ, ನಮಗೇನು ಅಂದುಕೊಂಡೆ.

ಅವತ್ತು ರಾತ್ರಿ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಉತ್ತರಕ್ಕೆ ಹೋಯಿತು. ಚಪ್ಪರದ ಗರಿ ಹಾರಿತು, ಈರುಳ್ಳಿ ಪೂರ್ತಿ ನೆನೆಯಿತು. ತೋಟದ ಬಸಿಗಾಲುವೆಯ ಹೂಳನ್ನು ನಾನು ಪ್ರತಿ ವರ್ಷ ಮೇ ಕೊನೆಗೆ ತೆಗೆಸುತ್ತಿದ್ದೆ, ಹಾಗಾಗಿ ಬಾಳೆ ಬುಡದಲ್ಲಿ ಮೂರು ದಿನ ನೀರು ನಿಂತಿತು. ಕೊನೆಗೆ ನಾಲ್ಕು ಕ್ವಿಂಟಾಲ್ ಈರುಳ್ಳಿ ಉಳಿಯಿತು. ಹಾರ್ಟಿಕಲ್ಚರ್ ಪದವಿ ಓದಿದವನು, ಮಣ್ಣಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವವನು, ಕಣ್ಣೆದುರಿಗಿನ ಕಡಲಿನ ಬಗ್ಗೆ ಏನೂ ತಿಳಿದುಕೊಂಡಿರಲಿಲ್ಲ. ಓದಲು ಶುರು ಮಾಡಿದ್ದು ಆ ನಷ್ಟದ ಮೇಲೆ. ಹಾಗೆ ಓದಿ ತಿಳಿದುಕೊಂಡದ್ದರಲ್ಲಿ ಮುಖ್ಯವಾದ ಒಂದು ವಿಷಯ ಇವತ್ತಿನದು: ಕಡಲ ಶಾಖದ ಅಲೆ, ಅಂದ್ರೆ ಮರೀನ್ ಹೀಟ್‌ವೇವ್.

ಕಡಲಿನಿಂದ ಮುನ್ನೂರು ಕಿಲೋಮೀಟರ್ ದೂರ ಇರುವವರೂ ಪೂರ್ತಿ ಓದಿ. ನಿಮ್ಮ ಹೊಲದ ಮಳೆಯ ನೀರೂ ಬಹುಪಾಲು ಸಮುದ್ರದಿಂದಲೇ ಎದ್ದು ಬರುವುದು.

ಶಾಖದ ಅಲೆ ಅಂದ್ರೆ ಏನು?

ಬೇಸಿಗೆಯಲ್ಲಿ ಕಲಬುರಗಿಗೆ ಬಿಸಿಗಾಳಿ ಎಚ್ಚರಿಕೆ ಕೊಡುವುದನ್ನು ನೋಡಿರುತ್ತೀರಿ. ಸಮುದ್ರದ ನೀರಿಗೂ ಅಂಥದ್ದೇ ಒಂದು ಲೆಕ್ಕ ಇದೆ. ಒಂದು ಜಾಗದಲ್ಲಿ, ವರ್ಷದ ಆ ದಿನಗಳಲ್ಲಿ, ಸುಮಾರು 30 ವರ್ಷಗಳ ಕಾಲ ಮೇಲ್ಮೈ ನೀರಿನ ಉಷ್ಣಾಂಶ ಎಷ್ಟೆಷ್ಟು ಇತ್ತು ಅಂತ ದಾಖಲೆ ಇರುತ್ತದೆ. ಅದನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿ. ನೂರರಲ್ಲಿ ತೊಂಬತ್ತು ಸಲ ನೀರು ಯಾವ ಮಟ್ಟಕ್ಕಿಂತ ತಣ್ಣಗಿತ್ತೋ, ಆ ಮಟ್ಟವನ್ನು ದಾಟಿ ಸತತ ಐದು ದಿನ ಅಥವಾ ಹೆಚ್ಚು ಕಾಲ ನೀರು ಬಿಸಿಯಾಗಿಯೇ ಉಳಿದರೆ ಅದು ಕಡಲ ಶಾಖದ ಅಲೆ. 2016ರಲ್ಲಿ ವಿಜ್ಞಾನಿಗಳು ಒಪ್ಪಿಕೊಂಡ ಲೆಕ್ಕ ಇದು. ಹಾಗಾಗಿ ಇದು ಚಳಿಗಾಲದಲ್ಲೂ ಬರಬಹುದು. ಆ ಜಾಗಕ್ಕೆ, ಆ ಕಾಲಕ್ಕೆ ಅತಿಯಾದ ಬಿಸಿ ಅಂತ ಅರ್ಥ.

ನೆಲದ ಬಿಸಿಗಾಳಿ ವಾರದಲ್ಲಿ ಇಳಿಯುತ್ತದೆ. ಕಡಲಿನದು ಹಾಗಲ್ಲ, ತಿಂಗಳುಗಟ್ಟಲೆ ಇರಬಹುದು. ನೀರು ಬಿಸಿಯಾಗಲು ಬಹಳ ಶಾಖ ಬೇಕು, ಆರಲೂ ಬಹಳ ಹೊತ್ತು ಬೇಕು. ಸಮುದ್ರದ ಮೇಲಿನ ಸುಮಾರು ಮೂರು ಮೀಟರ್ ನೀರಿನಲ್ಲೇ ಇಡೀ ವಾತಾವರಣ ಹಿಡಿದಿಡುವಷ್ಟು ಶಾಖ ಹಿಡಿಸುತ್ತದೆ. ಹಸಿರುಮನೆ ಅನಿಲಗಳಿಂದ ಭೂಮಿಯಲ್ಲಿ ಉಳಿದುಬಿಡುತ್ತಿರುವ ಹೆಚ್ಚುವರಿ ಶಾಖದಲ್ಲಿ ಶೇ. 90ರಷ್ಟನ್ನು ಸಮುದ್ರವೇ ನುಂಗಿದೆ. ಮೊದಲೇ ಮೈ ಬೆಚ್ಚಗಿರುವವರಿಗೆ ಸಣ್ಣ ಜ್ವರ ಬಂದರೂ ಥರ್ಮಾಮೀಟರ್ ಮೇಲೇರುತ್ತದಲ್ಲ, ಹಾಗೆ. ಗಾಳಿ ನಾಲ್ಕು ವಾರ ಬೀಸದೆ, ಆಕಾಶ ಮೋಡವಿಲ್ಲದೆ ಬಿಸಿಲು ಸುರಿದರೆ, ಅಥವಾ ಪ್ರವಾಹ ಬೇರೆ ಕಡೆಯ ಬಿಸಿ ನೀರನ್ನು ತಂದು ಸುರಿದರೆ, ಶಾಖದ ಅಲೆ ಶುರುವಾಗುತ್ತದೆ.

ಕಲಕದ ಜೀವಾಮೃತದ ಡ್ರಮ್

ಮೀನಿಗೆ ಇದರಿಂದ ಏನಾಗುತ್ತೆ ಅಂತ ಅರ್ಥ ಮಾಡಿಕೊಳ್ಳಲು ನನಗೆ ನೆರವಾದದ್ದು ನಮ್ಮದೇ ಜೀವಾಮೃತದ ಡ್ರಮ್. 200 ಲೀಟರ್ ಡ್ರಮ್ಮಿಗೆ ಸಗಣಿ, ಗಂಜಲ, ಬೆಲ್ಲ, ದ್ವಿದಳ ಹಿಟ್ಟು ಹಾಕಿ ದಿನಕ್ಕೆ ಎರಡು ಸಲ ಕೋಲಿನಿಂದ ಕಲಕುತ್ತೇವೆ. ಎರಡು ದಿನ ಕಲಕದೆ ಬಿಸಿಲಿಗೆ ಬಿಟ್ಟು ನೋಡಿ. ಮೇಲಿನ ತಿಳಿ ಬಿಸಿಯಾಗಿರುತ್ತದೆ, ಸತ್ವವೆಲ್ಲ ತಳದಲ್ಲಿ ಗಷ್ಟಾಗಿ ಕೂತಿರುತ್ತದೆ.

ಸಮುದ್ರವೂ ಹೀಗೆಯೇ. ಸತ್ತ ಜೀವಿಗಳು ಕೊಳೆತು ಕೆಳಕ್ಕೆ ಇಳಿಯುವುದರಿಂದ ಸಾರಜನಕ, ರಂಜಕದಂಥ ಪೋಷಕಾಂಶ ಕೆಳಗಿನ ತಣ್ಣನೆ ನೀರಿನಲ್ಲಿ ಹೆಚ್ಚು. ಬಿಸಿಲು ಸಿಗುವುದು ಮಾತ್ರ ಮೇಲೆ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳಿಗೆ ಎರಡೂ ಬೇಕು. ನಮ್ಮ ಕರಾವಳಿಯಲ್ಲಿ ಆ ಡ್ರಮ್ ಕಲಕುವ ಕೋಲು ಅಂದ್ರೆ ಮುಂಗಾರಿನ ಗಾಳಿ. ಕೇರಳ ಮತ್ತು ಕರ್ನಾಟಕದ ತೀರದಲ್ಲಿ ಮಳೆಗಾಲದ ಗಾಳಿ ಮೇಲಿನ ನೀರನ್ನು ತೀರದಿಂದ ಆಚೆಗೆ ತಳ್ಳುತ್ತದೆ, ಆ ಜಾಗ ತುಂಬಲು ಕೆಳಗಿನ ತಣ್ಣನೆ ಸತ್ವದ ನೀರು ಮೇಲೆ ಬರುತ್ತದೆ. ಪಾಚಿ ಬೆಳೆಯುತ್ತದೆ, ಪಾಚಿ ತಿನ್ನಲು ಬೂತಾಯಿ ಬರುತ್ತದೆ. ಬೂತಾಯಿಗೆ ಕೆಲವು ಕಡೆ ತಾರ್ಲೆ ಅಂತಲೂ ಹೇಳುತ್ತಾರೆ.

ಮೇಲಿನ ನೀರು ಅತಿಯಾಗಿ ಬಿಸಿಯಾದರೆ ಅದು ಹಗುರವಾಗಿ ಮುಚ್ಚಳದ ಹಾಗೆ ಕೂತುಬಿಡುತ್ತದೆ. ಗಾಳಿ ಬೀಸಿದರೂ ಕಲಕುವುದು ಕಷ್ಟ. ಜೊತೆಗೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಆದರೆ ಅದೇ ಬಿಸಿಗೆ ಮೀನಿನ ಮೈಗೆ ಆಮ್ಲಜನಕವೂ ಆಹಾರವೂ ಹೆಚ್ಚು ಬೇಕಾಗುತ್ತದೆ. ಊಟ ಕಡಿಮೆ, ಹಸಿವು ಜಾಸ್ತಿ.

ಬೇರೆ ಕಡೆ ಆದದ್ದು

2011ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ತೀರದಲ್ಲಿ ದೊಡ್ಡ ಶಾಖದ ಅಲೆ ಬಂತು. ಅಲ್ಲಿ ಕೆಲ್ಪ್ ಅನ್ನುವ, ಗಿಡದಂತೆ ಎತ್ತರಕ್ಕೆ ಬೆಳೆಯುವ ಪಾಚಿಯ ಕಾಡು ಸಮುದ್ರದೊಳಗೆ ಇತ್ತು. ಉತ್ತರದ ತುದಿಯಲ್ಲಿ ಸುಮಾರು 100 ಕಿಲೋಮೀಟರ್ ಉದ್ದಕ್ಕೆ ಆ ಕಾಡು ನಾಶವಾಯಿತು. ನೀರು ಮತ್ತೆ ತಣ್ಣಗಾದ ಮೇಲೂ ಹಲವು ವರ್ಷ ಅದು ಹಿಂತಿರುಗಲಿಲ್ಲ. ಅದರ ಜಾಗದಲ್ಲಿ ಗಿಡ್ಡ ಪಾಚಿ ಹಬ್ಬಿತು, ಬಿಸಿ ನೀರಿನ ಮೀನುಗಳು ಬಂದು ಹೊಸ ಚಿಗುರನ್ನು ಮೇಯತೊಡಗಿದವು. ಕಾಡು ಕಡಿದ ಜಾಗದಲ್ಲಿ ಲಂಟಾನ ಹಬ್ಬಿ, ಮೇಲಿಂದ ಮೇಕೆ ಮೇಯಲು ಬಿಟ್ಟ ಹಾಗೆ.

ಅಮೆರಿಕದ ಅಲಾಸ್ಕಾ ಪಕ್ಕದ ಬೇರಿಂಗ್ ಸಮುದ್ರದಲ್ಲಿ 2018 ಮತ್ತು 2019ರ ಶಾಖದ ಅಲೆಯ ನಂತರ ಸುಮಾರು ಸಾವಿರ ಕೋಟಿ ಹಿಮ ಏಡಿಗಳು ಕಾಣೆಯಾದವು. 2022ರಲ್ಲಿ ಆ ಏಡಿಯ ಹಂಗಾಮನ್ನೇ ಮೊದಲ ಬಾರಿಗೆ ರದ್ದು ಮಾಡಿದರು. ಮುಖ್ಯ ಕಾರಣ ಹಸಿವು ಅಂತ 2023ರ ಅಧ್ಯಯನ ಹೇಳಿತು. ನೀರು ಬಿಸಿಯಾಗಿ ಅವುಗಳ ಮೈ ಬೇಗ ಬೇಗ ಶಕ್ತಿ ಸುಡತೊಡಗಿತು, ಒಂದೇ ಜಾಗದಲ್ಲಿ ಗುಂಪಾಗಿದ್ದ ಏಡಿಗಳಿಗೆ ಮೇವು ಸಾಲಲಿಲ್ಲ. ಬೆಂದು ಸತ್ತವಲ್ಲ, ಉಪವಾಸ ಬಿದ್ದು ಸತ್ತವು.

ಇನ್ನು ನಮ್ಮ ಪಕ್ಕಕ್ಕೇ ಬನ್ನಿ. ಲಕ್ಷದ್ವೀಪದ ಸಮುದ್ರದಲ್ಲಿ 2023ರ ಅಕ್ಟೋಬರ್ ಕೊನೆಯಿಂದ ಶಾಖದ ಅಲೆ ಇತ್ತು ಅಂತ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹೇಳಿತು. ಮರು ವರ್ಷ ಅಲ್ಲಿನ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡವು. ಹವಳದ ಮೈಯೊಳಗೆ ಅದಕ್ಕೆ ಊಟ ಮಾಡಿಕೊಡುವ ಸಣ್ಣ ಪಾಚಿ ಇರುತ್ತದೆ. ನಮ್ಮ ಉದ್ದಿನ ಬೇರುಗಂಟಿನಲ್ಲಿ ರೈಜೋಬಿಯಂ ಇರುವ ಹಾಗೆ ಅಂದುಕೊಳ್ಳಿ. ನೀರು ಬಿಸಿಯಾದಾಗ ಹವಳ ಆ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಬೇಗ ತಣಿದರೆ ಪಾಚಿ ಮತ್ತೆ ಸೇರಿಕೊಳ್ಳುತ್ತದೆ, ಇಲ್ಲವಾದರೆ ಹವಳ ಸಾಯುತ್ತದೆ.

ತೆಂಗಿನ ಬುಡಕ್ಕೆ ತಾರ್ಲೆ ಇಲ್ಲ

ನಮ್ಮ ಅಜ್ಜನ ಕಾಲದಿಂದ ತೆಂಗಿಗೆ ತಾರ್ಲೆ ಗೊಬ್ಬರ. ಬುಡದಿಂದ ಐದಾರು ಅಡಿ ದೂರ ಸುತ್ತ ಗುಂಡಿ ತೆಗೆದು, ಮೀನು ಹಾಕಿ, ಸೊಪ್ಪು ಮುಚ್ಚಿ, ಮಣ್ಣು ಎಳೆದರೆ ಮುಗಿಯಿತು. ರಾಶಿ ಬಿದ್ದ ವರ್ಷ ಬುಟ್ಟಿ ಲೆಕ್ಕದಲ್ಲಿ ಸಿಗುತ್ತಿದ್ದ ಮೀನು ಆಮೇಲೆ ಕೆಜಿ ಲೆಕ್ಕಕ್ಕೆ ಬಂತು. ಒಂದು ವರ್ಷ ನಮ್ಮ ಮನೆಗೆ ಬರುವ ಮೀನಿನ ಅಕ್ಕನನ್ನು ಕೇಳಿದಾಗ ಅವರು ಬುಟ್ಟಿ ಇಳಿಸಲೂ ಇಲ್ಲ. "ತಮ್ಮಾ, ನಮಗೆ ತಿನ್ನೂಕೇ ಇಲ್ಲ, ನಿನ್ನ ತೆಂಗಿನ ಮರಕ್ಕೆ ಎಲ್ಲಿಂದ ತರ್ಲಿ?" ಅಂದು ಹೊರಟೇಬಿಟ್ಟರು.

ಅಂಕಿ ನೋಡಿ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ನೂರು ಬುಟ್ಟಿ ಇದ್ದ ಜಾಗದಲ್ಲಿ ಒಂದು ಬುಟ್ಟಿ. ಆಮೇಲೆ ಮೀನು ಮತ್ತೆ ಬಂತು, 2023ರಲ್ಲಿ ಲಕ್ಷ ಟನ್ ದಾಟಿತು. ಇದಕ್ಕೆಲ್ಲ ಶಾಖದ ಅಲೆಯೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಎಲ್ ನಿನೊ, ಮಳೆಯ ಏರಿಳಿತ, ಕೆಳಗಿನ ನೀರು ಮೇಲೆ ಬರುವುದರಲ್ಲಿ ಆದ ಬದಲಾವಣೆ, ಮರಿ ಮೀನನ್ನೇ ಬಳಿದು ಹಿಡಿದದ್ದು, ಎಲ್ಲ ಸೇರಿವೆ. ಆದರೆ ಬೂತಾಯಿ ನೀರಿನ ಬಿಸಿಗೂ ಪಾಚಿಗೂ ಬಹಳ ಬೇಗ ಪ್ರತಿಕ್ರಿಯೆ ತೋರಿಸುವ ಮೀನು. ಕಡಲು ಬಿಸಿಯಾದಷ್ಟೂ ಈ ಏರಿಳಿತ ನಮ್ಮ ಲೆಕ್ಕಕ್ಕೆ ಸಿಗುವುದು ಕಷ್ಟ.

ಮೀನುಗಾರರಿಗೆ ಇದು ಹೊಟ್ಟೆಯ ಪ್ರಶ್ನೆ. ಸಾಲ ಮಾಡಿ ದೋಣಿಗೆ ಡೀಸೆಲ್ ಹಾಕಿಸಿ ಹೋದವರು ಖಾಲಿ ಬಲೆ ತಂದರೆ ಆ ಮನೆಯ ಜೂನ್ ತಿಂಗಳು ಹೇಗೆ ಕಳೆಯುತ್ತದೆ ಅಂತ ಯೋಚಿಸಿ. ನಮ್ಮ ಗೊಬ್ಬರದ ಚಿಂತೆ ಅದರ ಮುಂದೆ ಸಣ್ಣದು. ಅದಕ್ಕೇ ನಾನು ತಿನ್ನುವ ಮೀನನ್ನು ಗೊಬ್ಬರಕ್ಕೆ ಕೊಳ್ಳುವುದನ್ನು ನಿಲ್ಲಿಸಿದ್ದೇನೆ.

ಮಳೆಗೂ ಚಂಡಮಾರುತಕ್ಕೂ ಏನು ಸಂಬಂಧ?

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ನೈಋತ್ಯ ಕರಾವಳಿಯ ಎದುರಿನ ಅರಬ್ಬಿ ಸಮುದ್ರ ಮಾಮೂಲಿಯಾಗಿಯೇ 30 ಡಿಗ್ರಿ ಸುತ್ತ ಇರುತ್ತದೆ. ಚಂಡಮಾರುತ ಹುಟ್ಟಿ ಬೆಳೆಯಲು ಸುಮಾರು 26.5 ಡಿಗ್ರಿ ಸಾಕು. ಅಂದ್ರೆ ಒಲೆ ಮೊದಲೇ ಕಾದಿದೆ. ಅದರ ಮೇಲೆ ಶಾಖದ ಅಲೆ ಇದ್ದರೆ, ಮೇಲೆ ಹಾದುಹೋಗುವ ಚಂಡಮಾರುತ ಒಂದೇ ದಿನದಲ್ಲಿ ಬಲ ಹೆಚ್ಚಿಸಿಕೊಳ್ಳಬಹುದು. 2020ರ ಮೇನಲ್ಲಿ ಬಂಗಾಳ ಕೊಲ್ಲಿಯ ಅಂಫಾನ್ ಹೀಗೆ ಶಾಖದ ಅಲೆಯಿದ್ದ ನೀರಿನ ಮೇಲೆ ಹಾದು ಬಹಳ ಬೇಗ ಬಲಿಯಿತು. ಅರಬ್ಬಿ ಸಮುದ್ರದಲ್ಲಿ 1982ರಿಂದ 2000ದವರೆಗಿನ ಅವಧಿಗೆ ಹೋಲಿಸಿದರೆ 2001ರಿಂದ 2019ರ ಅವಧಿಯಲ್ಲಿ ಚಂಡಮಾರುತಗಳ ಸಂಖ್ಯೆ ಶೇ. 52ರಷ್ಟು ಹೆಚ್ಚಾಗಿದೆ ಅಂತ ಭಾರತೀಯ ವಿಜ್ಞಾನಿಗಳ ಅಧ್ಯಯನ ತೋರಿಸಿದೆ.

ಮುಂಗಾರಿನ ವಿಷಯ ಇನ್ನೂ ಸೂಕ್ಷ್ಮ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರ 2022ರ ಅಧ್ಯಯನ 1982ರಿಂದ 2018ರವರೆಗಿನ ದಾಖಲೆ ನೋಡಿತು. ಪಶ್ಚಿಮ ಹಿಂದೂ ಮಹಾಸಾಗರದಲ್ಲಿ 66, ಬಂಗಾಳ ಕೊಲ್ಲಿಯಲ್ಲಿ 94 ಶಾಖದ ಅಲೆಗಳು ಲೆಕ್ಕಕ್ಕೆ ಸಿಕ್ಕವು, ಎರಡೂ ಕಡೆ ಸಂಖ್ಯೆ ಏರುತ್ತಿದೆ. ಈ ಅಲೆಗಳು ಇದ್ದಾಗ ಮಧ್ಯ ಭಾರತದಲ್ಲಿ ಮಳೆ ಕಡಿಮೆ, ದಕ್ಷಿಣ ಪರ್ಯಾಯ ದ್ವೀಪದಲ್ಲಿ ಹೆಚ್ಚು ಅನ್ನುವ ಒಲವು ಕಂಡುಬಂತು. ಕಡಲು ಬಿಸಿಯಾದಾಗ ಮಳೆಗಾಳಿ ನೆಲದ ಕಡೆ ಬರುವ ದಾರಿ ಮತ್ತು ಬಲ ಬದಲಾಗುತ್ತದೆ.

ಇನ್ನೊಂದು ಸರಳ ಭೌತಶಾಸ್ತ್ರ: ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿದುಕೊಳ್ಳಬಲ್ಲದು. ಮಳೆ ಬರದ ದಿನ ಬರುವುದೇ ಇಲ್ಲ, ಬಂದ ದಿನ ಒಟ್ಟಿಗೆ ಸುರಿಯುತ್ತದೆ. ಚಿತ್ರದುರ್ಗ, ಗದಗದ ಗೆಳೆಯರು "ಒಟ್ಟು ಮಳೆ ಸರಿಯಾಗಿದೆ, ಬೆಳೆ ಮಾತ್ರ ಹೋಯ್ತು" ಅನ್ನುವುದನ್ನು ಎಷ್ಟು ಸಲ ಕೇಳಿದ್ದೇನೋ.

2023 ನೆನಪಿದೆಯಾ? ಜೂನ್ ಮೊದಲ ವಾರದಲ್ಲಿ ಅರಬ್ಬಿ ಸಮುದ್ರದಲ್ಲಿ ಬಿಪರ್‌ಜಾಯ್ ಎದ್ದಿತು. ಜೂನ್ 1ಕ್ಕೆ ಬರಬೇಕಾದ ಮುಂಗಾರು ಕೇರಳ ಮುಟ್ಟಿದ್ದು 8ಕ್ಕೆ. ಚಂಡಮಾರುತ ಗುಜರಾತಿನ ನೆಲ ಸೇರಿದ್ದು 15ಕ್ಕೆ. ಅಷ್ಟು ದಿನ ನಮ್ಮಲ್ಲಿ ಮೋಡ ಕಾಣಿಸುತ್ತಿತ್ತು, ಬಿತ್ತಲು ಹದವಾದ ಮಳೆ ಇರಲಿಲ್ಲ.

ನಾನು ಈಗ ಮಾಡುವುದು

1. ಏಪ್ರಿಲ್ 15ರಿಂದ ವಾರಕ್ಕೊಮ್ಮೆ ಕಡಲು ನೋಡುತ್ತೇನೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಕಡಲ ಶಾಖದ ಅಲೆಯ ನಕ್ಷೆ ಇರುತ್ತದೆ. ಎಲ್ಲಿ ಸಾಧಾರಣ, ಎಲ್ಲಿ ತೀವ್ರ ಅಂತ ಬಣ್ಣದಲ್ಲೇ ತೋರಿಸುತ್ತಾರೆ. ನಮ್ಮ ಎದುರಿನ ನೀರಿಗೆ ಬಣ್ಣ ಬಂದಿದ್ದರೆ ಆ ವರ್ಷ ಮೇ ತಿಂಗಳ ಕೆಲಸ ಬೇಗ ಮುಗಿಸಬೇಕು ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ.

2. ಮೇ 5ರೊಳಗೆ ಬಸಿಗಾಲುವೆ. ಮೊದಲು ಮೇ ಕೊನೆಗೆ ಮಾಡುತ್ತಿದ್ದೆ. ಕೂಲಿ ಅಷ್ಟೇ, ಕೆಲಸ ಅಷ್ಟೇ, ತಾರೀಕು ಮಾತ್ರ ಹಿಂದೆ ತಂದದ್ದು. 2021ರಲ್ಲಿ ಇದೊಂದು ಮಾಡಿದ್ದರೆ ಬಾಳೆ ಉಳಿಯುತ್ತಿತ್ತು.

3. ಕೊಯ್ದ ಬೆಳೆ ಗಟ್ಟಿ ಸೂರಿನ ಕೆಳಗೆ. ಈರುಳ್ಳಿ, ಒಣಹಾಕಿದ ಅಡಿಕೆ, ಕಾಳುಮೆಣಸು ಯಾವುದೇ ಇರಲಿ. ಮೇ 10ರ ನಂತರ ಗರಿಯ ಚಪ್ಪರ, ಬಯಲು ಕಣ ನಂಬುವುದಿಲ್ಲ. ಬೆಲೆಗೆ ಕಾಯುವುದಾದರೆ ಶೀಟಿನ ಕೊಟ್ಟಿಗೆಯಲ್ಲಿ, ಗಾಳಿ ಆಡುವಂತೆ ತೂಗುಹಾಕಿ ಕಾಯುತ್ತೇನೆ.

4. ಗೊಬ್ಬರಕ್ಕೆ ಒಂದೇ ಮೂಲ ಇಟ್ಟುಕೊಂಡಿಲ್ಲ. ತೆಂಗಿಗೆ ಈಗ ಕೊಟ್ಟಿಗೆ ಗೊಬ್ಬರ, ಹೊಂಗೆ ಹಿಂಡಿ, ಗ್ಲಿರಿಸಿಡಿಯಾ ಸೊಪ್ಪು. ಗದ್ದೆಗೆ ಡಯಂಚ ಬಿತ್ತಿ ಮಣ್ಣಿಗೆ ಸೇರಿಸುತ್ತೇನೆ. ಮೀನು ಬೇಕೇ ಬೇಕು ಅಂದ್ರೆ ಮಾರುಕಟ್ಟೆಯಲ್ಲಿ ಬಿಸಾಡುವ ತಲೆ, ಕರುಳು ತಂದು ಅಷ್ಟೇ ತೂಕದ ಬೆಲ್ಲದೊಂದಿಗೆ ಮುಚ್ಚಿದ ಡಬ್ಬದಲ್ಲಿ ಒಂದು ತಿಂಗಳು ಕೊಳೆಸುತ್ತೇನೆ. ಸೋಸಿ, ಲೀಟರ್ ನೀರಿಗೆ 3ರಿಂದ 5 ಮಿಲಿ ಹಾಕಿ ಸಿಂಪಡಣೆ.

5. ಚಂಡಮಾರುತದ ಸೂಚನೆ ಇದ್ದರೆ ಗೊಬ್ಬರ ಹಾಕುವುದಿಲ್ಲ. ಒಂದೇ ರಾತ್ರಿಯ ಮಳೆಗೆ ನಿಮ್ಮ ಎರೆಗೊಬ್ಬರ ಪಕ್ಕದವರ ಹಳ್ಳ ಸೇರುತ್ತದೆ. ಕಾಂಪೋಸ್ಟ್ ಗುಂಡಿಗೆ ತಾಡಪಾಲು ಹೊದಿಸಿ, ಅಂಚಿಗೆ ಕಲ್ಲು ಇಡಿ. ಗೊನೆ ಬಿಟ್ಟ ಬಾಳೆಗೆ ಊರುಗೋಲು ಕೊಡಿ.

6. ಅಡಿಕೆಗೆ ಶೇ. 1ರ ಬೋರ್ಡೋ ದ್ರಾವಣವನ್ನು ಕ್ಯಾಲೆಂಡರ್ ನೋಡಿ ಹೊಡೆಯುವುದಿಲ್ಲ. ಸುಣ್ಣ, ಮೈಲುತುತ್ತ, ಕೊನೆಗಾರರ ದಿನ ಎಲ್ಲ ಮೇ ಎರಡನೇ ವಾರಕ್ಕೇ ಸಿದ್ಧ. ಮುಂಗಾರು ಹಿಡಿಯುವ ಮೊದಲು ಎರಡು ಒಣ ದಿನ ಸಿಕ್ಕ ಕೂಡಲೇ ಮೊದಲ ಸಿಂಪಡಣೆ. ಪ್ರಮಾಣೀಕೃತ ಸಾವಯವದವರು ತಾಮ್ರದ ಮಿತಿಯನ್ನು ನಿಮ್ಮ ಪ್ರಮಾಣೀಕರಣ ಸಂಸ್ಥೆಯಲ್ಲಿ ಕೇಳಿಕೊಳ್ಳಿ.

7. ಬಯಲುಸೀಮೆಯವರು ಮೊದಲ ಜೋರು ಮಳೆಗೆ ಬಿತ್ತನೆಗೆ ಓಡಬೇಡಿ. ಅದು ಚಂಡಮಾರುತದ ಮಳೆಯೋ ಮುಂಗಾರಿನದೋ ನೋಡಿ. ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್‌ನಲ್ಲಿ ನಿಮ್ಮ ಜಿಲ್ಲೆಯ ಕೃಷಿ ಸಲಹೆ ಸಿಗುತ್ತದೆ. ಬದು, ಕೃಷಿಹೊಂಡ ಮಾತ್ರ ಆ ಮಳೆಗೆ ಮೊದಲೇ ಸಿದ್ಧ ಇರಲಿ.

ಒಂದು ಎಚ್ಚರಿಕೆ

ಕಡಲ ನಕ್ಷೆ ನಿಮ್ಮ ಊರಿನ ಮಳೆ ಮುನ್ಸೂಚನೆ ಅಲ್ಲ. ನೀರು ಬಿಸಿಯಿದ್ದ ವರ್ಷವೆಲ್ಲ ಚಂಡಮಾರುತ ಬರುವುದಿಲ್ಲ, ನಮ್ಮ ಕಡೆಗೇ ಬರುತ್ತದೆ ಅಂತಲೂ ಇಲ್ಲ. ನಾನು ಅದನ್ನು ಎತ್ತಿನ ಮೈ ಮುಟ್ಟಿ ನೋಡಿದ ಹಾಗೆ ನೋಡುತ್ತೇನೆ. ಮೈ ಬಿಸಿ ಇದ್ದರೆ ಅವತ್ತು ನೊಗ ಕಟ್ಟುವ ಮೊದಲು ಸ್ವಲ್ಪ ಯೋಚಿಸುತ್ತೇವೆ, ಅಷ್ಟೇ. ನಾಳೆ ನಾಡಿದ್ದಿನ ಕೆಲಸಕ್ಕೆ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೇ ನಂಬಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಸುಳಿಗಾಳಿಯ ಹಳೇ ವಿಡಿಯೋ ಫಾರ್ವರ್ಡ್ ಮಾಡ್ಬೇಡಿ.

ಇನ್ನೊಂದು ಮಾತು. ನಮ್ಮ ಒಂದು ತೋಟದಿಂದ ಸಮುದ್ರ ತಣ್ಣಗಾಗುವುದಿಲ್ಲ. ಅದಕ್ಕೆ ಇಡೀ ಜಗತ್ತು ಕಲ್ಲಿದ್ದಲು, ಡೀಸೆಲ್ ಸುಡುವುದನ್ನು ಕಡಿಮೆ ಮಾಡಬೇಕು. ಆದರೆ ಮಣ್ಣಿಗೆ ಮುಚ್ಚಿಗೆ, ಬದುವಿಗೆ ಮರ, ಹೊಲದಲ್ಲಿ ಇಂಗುವ ನೀರು, ಇವು ಒಟ್ಟಿಗೆ ಸುರಿಯುವ ಮಳೆಯನ್ನೂ ತಡೆದುಕೊಳ್ಳುತ್ತವೆ, ನಡುವಿನ ಒಣ ದಿನಗಳನ್ನೂ ದಾಟಿಸುತ್ತವೆ.

ಕಳೆದ ವಾರ ಮೀನಿನ ಅಕ್ಕ ಬಂದಾಗ ಮೊಬೈಲ್‌ನಲ್ಲಿ ಆ ನಕ್ಷೆ ತೋರಿಸಿದೆ. ಕೆಂಪು ಬಣ್ಣದ ಮೇಲೆ ಬೆರಳಿಟ್ಟು, "ಇದನ್ನು ನಮ್ಮ ಮನೆಯವರು ನೀರಿಗೆ ಕೈ ಅದ್ದಿದ್ರೇ ಹೇಳ್ತಾರೆ, ತಮ್ಮಾ" ಅಂದರು. ಆಮೇಲೆ ಸ್ವಲ್ಪ ಹೊತ್ತು ನೋಡಿ, ಆ ಪುಟವನ್ನು ಅವರ ಮಗನ ನಂಬರಿಗೆ ಕಳಿಸು ಅಂದರು. ಕಳಿಸಿದ್ದೇನೆ. ನೀವೂ ಇವತ್ತು ಸಂಜೆ ಒಮ್ಮೆ ತೆರೆದು ನೋಡಿ, ನಿಮ್ಮ ಬಸಿಗಾಲುವೆಗೆ ಒಂದು ತಾರೀಕು ಹಾಕಿಕೊಳ್ಳಿ.

ಮುಂದಿನ ವಾರ: ಮೇ ಮಳೆಗೆ ಮೊದಲು ಬಸಿಗಾಲುವೆಯ ಇಳಿಜಾರು ಅಳೆಯುವುದು ಹೇಗೆ, ಒಂದು ಪಾರದರ್ಶಕ ಪೈಪ್ ಮತ್ತು ಎರಡು ಕೋಲಿನಲ್ಲಿ.